ಒಳ್ಳೆಯ ಜೀವಕೋಶಗಳ ಪಕ್ಷ ವಹಿಸಿದವರು

ಬಳಕೆಯಲ್ಲಿರುವ ಮಾತ್ರೆಗಳಿಗೆ ಗಿಡಮೂಲಿಕೆಯ ಸಾರವನ್ನು ಜೊತೆಗೂಡಿಸಿ ಕ್ಯಾನ್ಸರ್ ಕೋಶಗಳನ್ನು ಮಣಿಸಬಹುದೇ ಎಂದು ಹುಡುಕಿದವರು ಹಲವರು. ಆ ಹುಡುಕಾಟ ದಾರಿ ತಪ್ಪಿದರೆ ಪೆಟ್ಟು ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಿದವರು ವಿರಳ. ಆ ವಿರಳರಲ್ಲೊಬ್ಬರಾದ ನಮ್ಮ ಮೇಡಂ ಈಗ ನಿವೃತ್ತರಾಗುತ್ತಿದ್ದಾರೆ. ಯಾವ ಫಲಿತಾಂಶ ತಂದರೂ ‘ಇನ್ನೊಮ್ಮೆ ಮಾಡಿ’ ಎನ್ನುತ್ತಿದ್ದ ಅವರಿಗೆ ವಿದ್ಯಾರ್ಥಿಗಳು ‘ಇನ್ನೊಮ್ಮೆ ಮೇಡಂ’ ಎಂದೇ ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದ ದಿನ ಅವರು ತಿರುಗಿ, ‘ಏನಂದ್ರಿ? ಇನ್ನೊಮ್ಮೆ ಹೇಳಿ’ ಎಂದರಂತೆ.

ಅವರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯವೆಂದರೆ ಮುರಿದ ಕುರ್ಚಿಗಳ ಉಗ್ರಾಣ. ಅದನ್ನು ತಾವೇ ಗುಡಿಸಿ ಒರೆಸಿ, ಕೋಶಗಳನ್ನು ಬೆಳೆಸುವ ಕೋಣೆಯಾಗಿಸಿದರು. ವಿದ್ಯಾರ್ಥಿನಿಯೊಬ್ಬಳು ಹೆರಿಗೆಗೆ ಹೋದಾಗ, ‘ನೀನು ಮಗು ನೋಡ್ಕೋ, ಇಲ್ಲಿರೋ ನಿನ್ನ ಮಕ್ಕಳನ್ನ ನಾನು ನೋಡ್ಕೋತೀನಿ’ ಎಂದು ಅವಳ ತಟ್ಟೆಗಳಲ್ಲಿದ್ದ ಕೋಶಗಳನ್ನೆಲ್ಲ ರಜೆಯ ದಿನಗಳಲ್ಲೂ ಬಂದು ಸಾಕಿದವರು ಅವರು.

ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗೆ ಕಹಿಬೇರೊಂದರ ಸಾರ ಬೆರೆಸಿದಾಗ ಕ್ಯಾನ್ಸರ್ ಕೋಶಗಳು ಸಾಲುಸಾಲಾಗಿ ಸತ್ತ ದಿನ ಮಾತ್ರ ಅವರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಕೊಂಡರು. ತಂಗಿ ಸ್ವತಃ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದಳು. ಮರುದಿನವೇ ಬಂದು ಆ ಸಾರ ತನಗೂ ಬೇಕೆಂದಳು. ಮೇಡಂ ಒಪ್ಪಲಿಲ್ಲ, ತಟ್ಟೆಯಲ್ಲಿ ಕಂಡದ್ದು ಮೈಯಲ್ಲೂ ಆಗಬೇಕೆಂದಿಲ್ಲ, ಆರೋಗ್ಯವಂತ ಕೋಶಗಳ ಮೇಲಿನ ಪರೀಕ್ಷೆ ಇನ್ನೂ ಬಾಕಿ ಇದೆ ಎಂದು ಎಷ್ಟು ತಿಳಿಹೇಳಿದರೂ ತಂಗಿ ಮುಖ ತಿರುಗಿಸಿಕೊಂಡು ಹೋದಳು.

ಕೆಲವು ವಾರಗಳ ನಂತರ ಆ ಪರೀಕ್ಷೆಯ ಫಲಿತಾಂಶ ಬಂದ ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದಿನಿಂದ ಅವರು ಏಳಲೇ ಇಲ್ಲ. ಆರೋಗ್ಯವಂತ ಯಕೃತ್ತಿನ ಕೋಶಗಳೂ ಸತ್ತು ಬಿದ್ದಿದ್ದವು. ಕಳೆಯ ಜೊತೆ ಪೈರೂ ಸುಟ್ಟಿತ್ತು. ‘ಇನ್ನೊಮ್ಮೆ ಮಾಡೋಣವಾ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದರೂ ಅವರಿಗೆ ಕೇಳಿಸಲಿಲ್ಲ.

ಸದ್ಯ, ತಂಗಿಗೆ ಕೊಡಲಿಲ್ಲವಲ್ಲ ಎಂಬ ಒಂದೇ ಸಮಾಧಾನದಿಂದ ಸಂಜೆ ಅವಳ ಮನೆಗೆ ಹೋದರು. ಬಾಗಿಲು ತೆರೆದ ತಂಗಿಯ ಕಣ್ಣು ಹಳದಿಯಾಗಿತ್ತು. ಮೇಜಿನ ಮೇಲೆ ಬೇರಿನ ಪುಡಿಯ ಡಬ್ಬಿ.

‘ನೀನು ಕೊಡದಿದ್ರೇನಕ್ಕ, ಅಂಗಡೀಲಿ ಸಿಗುತ್ತಲ್ಲ. ಸಕ್ಕರೆ ಕಾಯಿಲೆ ಮಾತ್ರೆ ಹೇಗೂ ಮೊದಲಿಂದ ನುಂಗ್ತಾನೇ ಇದ್ದೆ,’ ಎಂದಳು ತಂಗಿ, ಗೆದ್ದವಳಂತೆ.

ಮೇಡಂ ಡಬ್ಬಿಯನ್ನು ಕೈಗೆತ್ತಿಕೊಂಡರು. ಬೇರಿನ ಹೆಸರನ್ನು ಅವಳ ಕಿವಿಗೆ ಹಾಕಿದ್ದು ತಮ್ಮದೇ ಬಾಯಿ. ಗದರಲಿಲ್ಲ. ಡಬ್ಬಿಯೊಂದಿಗೆ ತಂಗಿಯನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಓಡಿದರು. ವೈದ್ಯರು ಪುಡಿ ನಿಲ್ಲಿಸಿದರು, ಕ್ಯಾನ್ಸರಿನ ಚಿಕಿತ್ಸೆಯನ್ನೂ ಮುಂದೂಡಬೇಕಾಯಿತು. ಯಕೃತ್ತು ಚೇತರಿಸಿಕೊಳ್ಳುವವರೆಗೆ ಮೇಡಂ ಆಸ್ಪತ್ರೆಯ ಬೆಂಚು ಬಿಟ್ಟು ಕದಲಲಿಲ್ಲ. ತಂಗಿ ಉಳಿದಳು, ಇಂದು ಈ ಬೀಳ್ಕೊಡುಗೆ ಸಮಾರಂಭದ ಓಡಾಟವೆಲ್ಲ ಅವಳದೇ. ಆದರೂ ಆ ಸಂಜೆಯ ಮಾತು ಬಂದರೆ ಮೇಡಂ ಇಂದಿಗೂ ತಬ್ಬಿಬ್ಬಾಗುತ್ತಾರೆ.

ಅಂದಿನಿಂದ ಅವರ ಪ್ರಯೋಗಾಲಯದಲ್ಲಿ ಯಾವ ಮಿಶ್ರಣವನ್ನಾದರೂ ಮೊದಲು ಒಳ್ಳೆಯ ಕೋಶಗಳ ಮೇಲೆಯೇ ಪರೀಕ್ಷಿಸುವುದು ನಿಯಮವಾಯಿತು. ಆ ಕಟ್ಟುನಿಟ್ಟಿನಲ್ಲಿ ಬಹುಪಾಲು ಮಿಶ್ರಣಗಳು ಬಿದ್ದುಹೋದವು. ಉಳಿದ ಒಂದೆರಡರ ಮೇಲೆ ಶಿಷ್ಯರು ದುಡಿಯುತ್ತಿದ್ದಾರೆ. ಮೇಡಂ ಮಾತ್ರ ವಾರಕ್ಕೊಮ್ಮೆ ಆಸ್ಪತ್ರೆಯ ಹೊರರೋಗಿಗಳ ನಡುವೆ ಕುಳಿತು, ಮನೆಯಲ್ಲಿ ಇನ್ನೇನು ಸೇವಿಸುತ್ತಿದ್ದೀರಿ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಬೈಯುವುದಿಲ್ಲ. ಮೊನ್ನೆ ವೃದ್ಧರೊಬ್ಬರು ಅತ್ತಿತ್ತ ನೋಡಿ, ಅಂಗಿಯ ಒಳಜೇಬಿನಿಂದ ಪುಡಿಯ ಪೊಟ್ಟಣವೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟರು: ‘ಮಗನಿಗೂ ಹೇಳಿಲ್ಲಮ್ಮ, ನಿಮಗೆ ಹೇಳ್ತಿದೀನಿ.’

ಅಂಥ ಪೊಟ್ಟಣಗಳು ಇನ್ನೂ ಎಷ್ಟೋ ಜೇಬುಗಳಲ್ಲಿವೆ. ಅವುಗಳಿಗಾಗಿ ಚಾಚಿದ ಆ ಕೈ ನೂರ್ಕಾಲ ಗಟ್ಟಿಯಾಗಿರಲಿ.