ದುರ್ಗ ಇನ್ನೂ ಮುಂದೈತೆ

ನನ್ನ ಮನೆ ಸಾಮಾನು ನಾನಿಲ್ಲದೆಯೇ ಬೆಳಗಾವಿಯಿಂದ ಹೊರಟಿತು. ಕೇಳಿದವರೆಲ್ಲ ನನಗೆ ತಲೆ ಕೆಟ್ಟಿದೆ ಎಂದರು. ಮುರಿದಿದ್ದು ಕಾಲು, ತಲೆ ನೆಟ್ಟಗೇ ಇತ್ತು.

ನಾನು ನರ್ಸ್. ಮದುವೆಯಾಗಲಿಲ್ಲ, ಯಾಕೆಂದು ಕೇಳಬೇಡಿ. ಊರೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು, ಕೊನೆಯ ವರ್ಷಗಳನ್ನು ಬೆಳಗಾವಿಯಲ್ಲಿ ಕಳೆದು, ನಿವೃತ್ತಿಗೆ ಮುಂಚೆಯೇ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಒಂದು ಸಣ್ಣ ಮನೆ ಕೊಂಡೆ. ಹುಡುಗಿಯಾಗಿದ್ದಾಗ ನನಗೆ ಮೊದಲ ಕೆಲಸ ಸಿಕ್ಕಿದ್ದು ಆ ಊರಿನಲ್ಲಿ. ಎರಡು ಕೋಣೆ, ರಸ್ತೆಗೆ ಮುಖ ಮಾಡಿದ ಒಂದು ಜಗಲಿ, ಹಿತ್ತಲಲ್ಲಿ ನುಗ್ಗೆ ಮರ. ಬೀಗದ ಕೈ ಒಂದೇ. ಅದು ನನ್ನ ಸೊಂಟದಲ್ಲಿರುತ್ತದೆ.

ಇದು ಅಣ್ಣನಿಗೆ ಹಿಡಿಸಲಿಲ್ಲ. ಅವನ ಮನೆ ಚಿತ್ರದುರ್ಗದಲ್ಲಿ, ಕೋಟೆ ಕಡೆಗೆ ಹೋಗುವ ಇಕ್ಕಟ್ಟಾದ ಓಣಿಯಲ್ಲಿ. ಮಹಡಿಯ ಕೋಣೆಗೆ ನನಗೆಂದು ಸುಣ್ಣ ಹೊಡೆಸಿ ಕಾಯುತ್ತಿದ್ದ. ಆ ಕೋಣೆಗೆ ಹೋಗುವ ಮೆಟ್ಟಿಲು ಅವನ ನಡುಮನೆಯಿಂದಲೇ ಹತ್ತಬೇಕು. ಹೋಗುವಾಗ ಒಂದು ಪ್ರಶ್ನೆ, ಬರುವಾಗ ಒಂದು ಪ್ರಶ್ನೆ. ಕೆಳಗೆ ಅತ್ತಿಗೆಯ ತಾಯಿ ಹಾಸಿಗೆ ಹಿಡಿದಿದ್ದರು. ಮನೆಯಲ್ಲೇ ಒಬ್ಬ ನರ್ಸಮ್ಮ ಇದ್ದರೆ ಎಷ್ಟು ಅನುಕೂಲ ಎಂದು ಅತ್ತಿಗೆ ನನ್ನೆದುರೇ ಹೇಳಿದ್ದಳು. ಅಣ್ಣ ಅದಕ್ಕೆ ಆಸರೆ ಎಂದು ಹೆಸರಿಟ್ಟಿದ್ದ. ಆಸರೆ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರಿಗೆ ಯಾರು ಆಸರೆ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ನಿವೃತ್ತಿಯಾದ ಮೇಲೆ, ನನ್ನ ಮನೆಗೆ ಸುಣ್ಣ ಬಣ್ಣ ಮಾಡಿಸಿ, ಆಮೇಲೆ ಬೆಳಗಾವಿಗೆ ಹೋಗಿ ಸಾಮಾನು ಕಟ್ಟಿಸಿಕೊಂಡು ಬರೋಣವೆಂದು ಬಿ.ದುರ್ಗಕ್ಕೆ ಬಂದಿದ್ದೆ. ಬಲ್ಬು ಹಾಕಲು ಸ್ಟೂಲು ಹತ್ತಿದವಳು ಕೆಳಗೆ ಬಂದಾಗ ಕಣಕಾಲಿನ ಮೂಳೆ ಹೋಗಿತ್ತು. ಕಾಲಿಗೆ ಪ್ಲಾಸ್ಟರು ಬಿತ್ತು. ಅಣ್ಣ ಫೋನಿನಲ್ಲಿ ಗೆದ್ದವನ ಹಾಗೆ ಮಾತಾಡಿದ.

"ನಾ ಹೇಳಿರ್ಲಿಲ್ವ? ಒಬ್ಳೇ ಇರೋದು ಅಂದ್ರೆ ಹುಡುಗಾಟ ಅಲ್ಲ. ಬೆಳಗಾವಿಗೆ ನಾನೇ ಹೋಗಿ ಸಾಮಾನು ತಂದು ಮಹಡಿ ಮ್ಯಾಲೆ ಇಡ್ತೀನಿ. ಸಾಮಾನಿನ ಹಿಂದೆ ನೀನೂ ಬಾ."

ಆವತ್ತೇ ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಫೋನ್ ಮಾಡಿದೆ. ಆ ಕಡೆ ಮಾತಾಡಿದ ಹುಡುಗಿ ಎಲ್ಲ ಬರೆದುಕೊಂಡು, "ಇನ್ನೊಂದು ನಂಬರ್ ಕೊಡ್ರಿ ಮೇಡಂ, ಮನಿ ಗಂಡಸರದು" ಎಂದಳು. ಗಂಡಸರ ನಂಬರ್ ಇಲ್ಲದೆ ಲಾರಿಯ ಗಾಲಿ ತಿರುಗುವುದಿಲ್ಲವೇ ಎಂದು ಕೇಳಿದೆ. ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದಳು. ಕಂಪ್ಯೂಟರಿನ ಜೊತೆ ಜಗಳವಾಡುವುದು ಹೇಗೆ? ಅಣ್ಣನ ನಂಬರ್ ಕೊಟ್ಟೆ.

ಬೆಳಗಾವಿಯಲ್ಲಿ ಪಕ್ಕದ ಮನೆಯವರು ಬೀಗ ತೆಗೆದರು. ಲಾರಿಯ ಡ್ರೈವರನೇ ಹಮಾಲರ ಮೇಸ್ತ್ರಿ. ಅವನು ವಿಡಿಯೋ ಕಾಲ್ ಮಾಡಿ, ನನ್ನ ಮನೆಯನ್ನು ನನಗೇ ತೋರಿಸುತ್ತಾ ಹೋದ. ಜಗಲಿಯ ಮೇಲೆ ಕಾಲು ಚಾಚಿ ಕುಳಿತು ನಾನು ಹುಕುಂ ಕೊಡುತ್ತಿದ್ದೆ.

"ಅಕ್ಕಾರ, ಈ ಕನ್ನಡಿ ಒಡದೈತ್ರಿ. ಒಡದದ್ದು ಹೊಸಾ ಮನಿಗೆ ಒಯ್ಯಬಾರದಂತಾರ."

"ನನ್ನ ಮುಖ ಅದರಲ್ಲಿ ಸರಿಯಾಗೇ ಕಾಣ್ಸುತ್ತೆ. ಹಾಕ್ರಿ."

"ಈ ಹಸಿರು ಕುರ್ಚಿಗೆ ಮೂರ ಕಾಲ ಅದಾವ್ರಿ."

"ನನಗೆ ಈಗ ಇರೋದು ಒಂದೇ. ಹಾಕ್ರಿ."

ಅವನು ನಕ್ಕ. ಆಮೇಲೆ ಯಾವುದನ್ನೂ ಕೇಳದೆ ಎಲ್ಲವನ್ನೂ ತುಂಬಿಸಿದ. ಕೊನೆಗೆ ಖಾಲಿ ಕೋಣೆ ತೋರಿಸಿದಾಗ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ನನಗೆ ಅಳು ಬಂತು. ಅಲ್ಲಿರಬೇಕಿತ್ತು ನಾನು, ಬಾಗಿಲು ನಾನೇ ಎಳೆದುಕೊಳ್ಳಬೇಕಿತ್ತು ಅನ್ನಿಸಿತು. ಕ್ಯಾಮೆರಾದ ಮೇಲೆ ಬೆರಳಿಟ್ಟು ಮೂಗು ಒರೆಸಿಕೊಂಡು, "ಹಗ್ಗ ಬಿಗಿಯಾಗಿ ಕಟ್ರಿ" ಎಂದೆ.

ಮಾರನೆಯ ದಿನ ಬೆಳಿಗ್ಗೆಯಿಂದ ಜಗಲಿ ಬಿಟ್ಟು ಏಳಲಿಲ್ಲ. ಲೊಕೇಶನ್ ಕಳಿಸಿದ್ದೆ. ಆದರೆ ಆ ಡ್ರೈವರು ಫೋನಿಗಿಂತ ಮನುಷ್ಯರನ್ನು ಹೆಚ್ಚು ನಂಬುವವನು. ಹತ್ತು ಗಂಟೆಯ ಹೊತ್ತಿಗೆ ಒಂದು ಲಾರಿ ಬಂತು. ಹಿಂದೆ ಎಲ್ಲಕ್ಕಿಂತ ಮೇಲೆ ನನ್ನ ಮೂರು ಕಾಲಿನ ಹಸಿರು ಕುರ್ಚಿ ಕಟ್ಟಿತ್ತು. ನಾನು ಊರುಗೋಲು ಎತ್ತಿ ಬೀಸಿದೆ. ಡ್ರೈವರು ನನ್ನನ್ನು ಯಾರೋ ಊರಿನವಳೆಂದುಕೊಂಡು, ತಾನೂ ಕೈ ಬೀಸಿ, ಮುಂದಕ್ಕೆ ಹೋಗಿಯೇಬಿಟ್ಟ.

ಫೋನ್ ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವನು ಚಾ ಅಂಗಡಿಯಿಂದ ಬಂದ. ಅವನು ಕುರಿ ಸಾಕುವವನು, ಕುರಿಗಳನ್ನು ಸಂತೆಗೆ ಸಾಗಿಸಲು ಒಂದು ಲಗೇಜ್ ಆಟೋ ಇಟ್ಟಿದ್ದಾನೆ.

"ನರ್ಸಮ್ಮ, ಯಾರೋ ಲಾರಿಯೋನು ಬಂದು ಇದು ದುರ್ಗ ಏನ್ರಿ ಅಂದ. ದುರ್ಗ ಇನ್ನೂ ಮುಂದೈತೆ, ಹೊಳಲ್ಕೆರೆ ಮ್ಯಾಲೆ ಹೋಗ್ರಿ ಅಂತ ನಮ್ಮೋರು ದಾರಿ ತೋರ್ಸಿ ಕಳ್ಸಿದ್ರು."

ನಮ್ಮೂರಿನವರನ್ನು ಬಯ್ಯುವ ಹಾಗಿಲ್ಲ. ಬಿ.ದುರ್ಗದವರು ತಮ್ಮ ಊರನ್ನು ದುರ್ಗ ಎಂದು ಕರೆಯುವುದೇ ಇಲ್ಲ. ಅವರ ಬಾಯಲ್ಲಿ ದುರ್ಗವೆಂದರೆ ಚಿತ್ರದುರ್ಗ ಒಂದೇ. ಹೊಸದುರ್ಗಕ್ಕೆ ಹೊಸ ಸೇರಿಸುತ್ತಾರೆ, ತಮ್ಮದಕ್ಕೆ ಬಿ ಸೇರಿಸುತ್ತಾರೆ. ಬರಿಯ ದುರ್ಗಕ್ಕೆ ಹೋಗಬೇಕೆಂದವನನ್ನು ತಮ್ಮ ಊರಿನಲ್ಲೇ ನಿಲ್ಲಿಸಿಕೊಳ್ಳುವುದು ಮೋಸವೆಂದು ಭಾವಿಸುವ ಸಜ್ಜನರು. ಕಂಪನಿಯ ಹುಡುಗಿ ಬರೆದುಕೊಳ್ಳುವಾಗ ಆ ಒಂದು ಬಿ ಬಿಟ್ಟಿದ್ದಳು.

ಊಟದ ಹೊತ್ತಿಗೆ ಅಣ್ಣನ ಫೋನ್ ಬಂತು. ಡ್ರೈವರು ಚಿತ್ರದುರ್ಗ ಸೇರಿ, ಕಂಪನಿಯವರ ಜೊತೆ ಜಗಳದಲ್ಲಿದ್ದ ನನ್ನ ಫೋನ್ ಸಿಗದೆ, ಗಂಡಸರ ನಂಬರಿಗೆ ಮಾಡಿದ್ದ.

"ದೇವ್ರೇ ಕಳ್ಸವ್ನೆ ನೋಡು. ಎಲ್ಲಿಗೆ ಸೇರ್ಬೇಕೋ ಅಲ್ಲಿಗೇ ಸೇರೈತೆ. ಇಳಿಸ್ತಾ ಅವ್ರೆ."

"ದೇವ್ರಲ್ಲ, ಚಾ ಅಂಗಡಿಯೋರು ಕಳ್ಸಿರೋದು. ಇಳಿಸ್ಬ್ಯಾಡ."

ಅವನು ಫೋನ್ ಇಟ್ಟ. ಸಾಮಾನು ಆ ಮಹಡಿ ಏರಿತೆಂದರೆ ಮುಗಿಯಿತು. ಕಾಲು ವಾಸಿಯಾಗಲಿ ಆಮೇಲೆ ನೋಡೋಣ ಎನ್ನುತ್ತಾರೆ, ಮಳೆ ನಿಲ್ಲಲಿ ಎನ್ನುತ್ತಾರೆ, ಹಬ್ಬ ಕಳೆಯಲಿ ಎನ್ನುತ್ತಾರೆ. ಹಾಗೆ ಹೋಗಿ ಉಳಿದುಬಿಟ್ಟ ಎಷ್ಟೋ ಹೆಂಗಸರನ್ನು ವಾರ್ಡಿನಲ್ಲಿ ನೋಡಿದ್ದೇನೆ.

"ಆಟೋ ತೆಗಿಯಪ್ಪ," ಎಂದೆ ಪಕ್ಕದ ಮನೆಯವನಿಗೆ. "ದುರ್ಗಕ್ಕೆ ಹೋಗಾಣ."

"ಕುರಿ ನಾತ ಐತೆ, ನರ್ಸಮ್ಮ. ತೊಳ್ದಿಲ್ಲ."

"ಇರ್ಲಿ."

ಪ್ಲಾಸ್ಟರಿನ ಕಾಲನ್ನು ಮುಂದಿನ ಸೀಟಿನಲ್ಲಿ ಮಡಚಲಾಗದೆ, ಹಿಂದೆ ಕುರಿ ನಿಲ್ಲುವ ಜಾಗದಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತೆ. ಹೊಳಲ್ಕೆರೆ ದಾಟುವಾಗ ಬಸ್ಸಿನವರೆಲ್ಲ ನೋಡಿದರು. ನಾನೂ ಅವರನ್ನು ನೋಡಿದೆ.

ಅಣ್ಣನ ಓಣಿಗೆ ಲಾರಿ ಹೋಗಿರಲಿಲ್ಲ, ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಮೊದಲಿಗೆ ಹೊತ್ತುಕೊಂಡು ಹೋಗಿದ್ದು ನನ್ನ ಕಬ್ಬಿಣದ ಬೀರುವನ್ನು. ಅದು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಹೋಗದೆ, ಕೆಳಕ್ಕೂ ಬಾರದೆ ನಿಂತುಬಿಟ್ಟಿತ್ತು. ಹಮಾಲರು ಅದರ ಕೆಳಗೆ ಬೆವರುತ್ತಿದ್ದರು. ಅತ್ತಿಗೆ ನನ್ನ ಸೀರೆಯ ಕುರಿ ವಾಸನೆಗೆ ಸೆರಗು ಮೂಗಿಗೆ ಹಿಡಿದಳು. ನನ್ನ ಬೀರುವಿನ ಮೇಲೆ ನನಗೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

"ಕೆಳಗಿಳಿಸ್ರಿ," ಎಂದೆ.

ಡ್ರೈವರು ಅಣ್ಣನ ಮುಖ ನೋಡಿದ. "ಅವರು ಇಲ್ಲೇ ಅಂದ್ರಲ್ರೀ, ಅಕ್ಕಾರ."

"ಸಾಮಾನು ಯಾರ್ದು?"

"ನಿಮ್ಮದರಿ."

"ಹಂಗಿದ್ರೆ ಅವ್ರ ಮುಖ ಯಾಕೆ ನೋಡ್ತೀರಿ?"

ಅಣ್ಣ ಸಿಟ್ಟಿನಿಂದ ನಡುಗುತ್ತಿದ್ದ. ನಡುಗುವಾಗ ಅವನು ನಮ್ಮ ಅಪ್ಪನ ಹಾಗೆ ಕಾಣುತ್ತಾನೆ, ಅದೊಂದು ನನಗೆ ಕಷ್ಟ. "ಜನ ಏನಂತಾರೆ? ಅಣ್ಣ ಬದ್ಕಿದ್ದೂ ತಂಗಿ ಎಲ್ಲೋ ಒಬ್ಳೇ ಬಿದ್ದವ್ಳೆ ಅನ್ನಲ್ವ?"

"ಬಿದ್ದಿದ್ದು ಸ್ಟೂಲಿಂದ. ಎದ್ದಿದೀನಿ."

"ನಾಳೆ ಮತ್ತೆ ಬಿದ್ರೆ?"

"ಫೋನ್ ಮಾಡ್ತೀನಿ. ಬಿದ್ದ ಜಾಗಕ್ಕೇ ಬಾ. ಎತ್ಕಂಡು ಇಲ್ಲಿಗೆ ತರ್ಬ್ಯಾಡ."

ಅವನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅದರೊಳಗೆ ನನಗೆ ಕಾಲು ಚಾಚಲು ಜಾಗವಿಲ್ಲ, ಅಷ್ಟೇ.

ಬೀರು ಇಳಿಯಿತು, ಬಾಗಿಲಿಗೆ ಒಂದು ಗೀರು ಬಿದ್ದಿತ್ತು. ಅದನ್ನು ಮತ್ತೆ ಲಾರಿಗೆ ಏರಿಸಿದರು. ಈ ಸಲ ನಾನು ಯಾರನ್ನೂ ನಂಬಲಿಲ್ಲ. ಇಬ್ಬರು ಹಮಾಲರು ಹಿಡಿದೆತ್ತಿ ನನ್ನನ್ನೂ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಡ್ರೈವರು ದುರ್ಗ ಎಷ್ಟಿವೆ ಎಂದು ಕೇಳುತ್ತಾ ಬಂದ. ನಾನು ಹೇಳುತ್ತಾ ಬಂದೆ.

ಬಿ.ದುರ್ಗದ ಚಾ ಅಂಗಡಿಯ ಮುಂದೆ ಅವನು ಬೇಕೆಂದೇ ಲಾರಿ ನಿಲ್ಲಿಸಿದ. ಬೆಳಿಗ್ಗೆ ದಾರಿ ತೋರಿಸಿದ ಮುದುಕ ಇನ್ನೂ ಅದೇ ಬೆಂಚಿನ ಮೇಲಿದ್ದ. ಲಾರಿ ನೋಡಿ ಗಾಬರಿಯಿಂದ ಎದ್ದು ಬಂದ.

"ಯಾಕ್ರೀ, ವಾಪಸ್ ಬಂದ್ರಿ? ದುರ್ಗ ಸಿಗ್ಲಿಲ್ವ? ಸೀದಾ ಹೋಗ್ರಿ ಅಂದಿದ್ನಲ್ಲ, ಇನ್ನೂ ಮುಂದೈತೆ!"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ನನ್ನ ದುರ್ಗ ಮುಂದೆ ಎಲ್ಲೂ ಇಲ್ಲಜ್ಜ, ಇಲ್ಲೇ ಐತೆ," ಎಂದು ಸೊಂಟದಿಂದ ಬೀಗದ ಕೈ ತೆಗೆದು ಡ್ರೈವರನಿಗೆ ಮನೆ ತೋರಿಸಿದೆ. "ಇಳಿಸ್ರಿ."