ಹೊಗೆಸೊಪ್ಪಿಗೆ ಹೊದಿಸಿದ ಬೊಂತೆ

ಅವರೆಕಾಯಿಗೆ ಸೊಗಡು ಕೂಡುವ ಹೊತ್ತಿಗೆ ಅಕ್ಕ ಭೇರ್ಯದ ಗಂಡನ ಮನೆಯಿಂದ ಹುಣಸೂರು ಕಡೆಯ ನಮ್ಮ ಹಳ್ಳಿಗೆ ಬಂದು ನಾಲ್ಕು ದಿನ ಇರುತ್ತಿದ್ದಳು. ಅವಳಿಗೆ ವರ್ಷಕ್ಕೆ ಅದೊಂದೇ ರಜೆ. ಬೆಳಿಗ್ಗೆ ಕಾಳು ಹಿತುಕಿ ಸಾರು ಮಾಡಿಡುವಳು. ಬಿಸಿಲೇರಿದ ಮೇಲೆ ಜಗುಲಿಯಲ್ಲಿ ಹಳೇ ಸೀರೆಗಳನ್ನು ಪದರ ಪದರ ಹಾಸಿಕೊಂಡು ಬೊಂತೆ ಹೊಲಿಯಲು ಕೂರುವಳು. ನಾನು ಓದಿದ್ದು ಐದನೇ ತರಗತಿ, ಅವಳು ಅದೂ ಇಲ್ಲ. ಅಂಗಡಿಯವನು ಸಾಮಾನು ಕಟ್ಟಿಕೊಟ್ಟ ಹಾಳೆಯಲ್ಲಿ ಕಥೆಯ ತುಂಡು ಕಂಡರೆ ಓದು ಎನ್ನುವಳು. ಅದಕ್ಕೆ ತಲೆಯೂ ಇರುತ್ತಿರಲಿಲ್ಲ, ಬಾಲವೂ ಇರುತ್ತಿರಲಿಲ್ಲ.

"ಆಮ್ಯಾಕೆ ಅವಳ ಗತಿ ಏನಾಯ್ತ್ಲಾ?"

"ಹಾಳೆ ಮುಗೀತು ಕಣಕ್ಕ."

"ಅಂಗಾದ್ರೆ ಗಂಡನ ಮನೇಗೇ ಓಗಿರ್ತಾಳೆ ಬುಡು. ಇನ್ನೆಲ್ಲಿಗೆ ಓದಾಳು."

ಎರಡು ವರ್ಷದ ಹಿಂದೆ ಅವಳ ಮಗಳು ಬಸುರಿಯಾಗಿದ್ದಳು. ಹುಟ್ಟುವ ಕೂಸು ನಮ್ಮವ್ವನ ಸೀರೆಯ ಮೇಲೆ ಮಲಗಲಿ ಎಂದು, ತೀರಿಹೋದ ಅವ್ವನ ಟ್ರಂಕಿನಲ್ಲಿ ಉಳಿದಿದ್ದ ಸೀರೆಗಳನ್ನೆಲ್ಲ ಸೇರಿಸಿ ಅಕ್ಕ ಒಂದೇ ಬೊಂತೆ ಮಾಡಿದಳು.

"ಅವ್ವನ್ದು ಅಂತ ಇನ್ನೊಂದು ಚೂರೂ ಉಳಿದಿಲ್ಲ. ಜೋಪಾನವಾಗಿ ಮಡಗಿರು ಕಣಪ್ಪ. ತೊಟ್ಲಿಗಾಕೋ ದಿನ ನೀನೇ ತಗೊಂಡು ಬಾ, ತವರಿಂದ ಬಂದಂಗಿರ್ಲಿ" ಎಂದು ಹೋದಳು.

ಅವಳು ಹೋದ ಮೇಲೆ ಒಣಗಾಳಿ ಎದ್ದಿತು. ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿಟ್ಟಿದ್ದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುತ್ತಿತ್ತು. ಮಾರಲು ಒಯ್ಯುವ ಮುಂಚೆ ಎಲೆ ಮೆತ್ತಗೆ ಹದಕ್ಕೆ ಬರಬೇಕು. ಅದಕ್ಕೆ ಒದ್ದೆ ಗೋಣಿತಾಟು ಮುಚ್ಚುತ್ತೇವೆ. ನನ್ನ ತಾಟು ಪಕ್ಕದ ಮನೆಯಲ್ಲಿತ್ತು. ಹೋಗಿ ಕೇಳಲು ಬೇಸರ. ಬೊಂತೆ ಕೈಗೆ ಸಿಕ್ಕಿತು. ನೀರು ಚಿಮುಕಿಸಿ ಸೊಪ್ಪಿಗೆ ಹೊದಿಸಿದೆ. ಒಂದು ದಿನಕ್ಕೆಂದು ಹೊದಿಸಿದವನು, ಹದ ಚೆನ್ನಾಗಿ ಬಂತೆಂದು ಸೊಪ್ಪು ಮಾರುವವರೆಗೂ ತೆಗೆಯಲಿಲ್ಲ. ಗೊತ್ತಿಲ್ಲದೆ ಮಾಡಿದ್ದಲ್ಲ. ಅದರ ಒಂದೊಂದು ಹೊಲಿಗೆ ಬಿದ್ದದ್ದೂ ನನ್ನ ಕಣ್ಣೆದುರಿಗೇ.

ಆಮೇಲೆ ಒಗೆದು, ಒಣಗಿಸಿ, ಮೂಸಿ ನೋಡಿದೆ. ಏನೂ ಅನ್ನಿಸಲಿಲ್ಲ. ಹೊಗೆಸೊಪ್ಪಿನ ನಡುವೆಯೇ ಬೆಳೆದ ನಮ್ಮ ಮೂಗಿಗೆ ಅದರ ವಾಸನೆ ಹತ್ತುವುದಿಲ್ಲ. ಅದೂ ನನಗೆ ಗೊತ್ತಿತ್ತು. ಆದರೂ ಹೊರಗಿನವರ ಕೈಲಿ ಮೂಸಿಸಲಿಲ್ಲ.

ಭೇರ್ಯದ ಕಡೆಯದು ಗದ್ದೆ ಬಯಲು, ಅಲ್ಲಿಯವರ ಮೂಗು ಬೇರೆ. ತೊಟ್ಟಿಲ ದಿನ ಬೊಂತೆ ಹಾಸಿ ಕೂಸನ್ನು ಮಲಗಿಸಿದರು. ನೋಡಲು ಬಗ್ಗಿದ ಅಕ್ಕನ ಬೀಗಿತ್ತಿ ಮೂಗಿಗೆ ಸೆರಗು ಹಿಡಿದಳು.

"ಏನ್ ಬೀಗಿತ್ತಿ, ಬಾಯ್ತುಂಬ ಹೊಗೆಸೊಪ್ಪು ಆಕ್ಕೊಂಡೇ ಹೊಲಿದ್ರಾ? ಕೂಸಿಗೂ ಈಗ್ಲೇ ರೂಢಿಯಾಗ್ಲಿ ಅಂತಾನಾ?"

ಕೂತವರೆಲ್ಲ ನಕ್ಕರು. ಅಕ್ಕ ಒಂದು ಚೂರು ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ. ಬೊಂತೆಯ ಮೂಲೆ ಎತ್ತಿ ಮೂಸಿದಳು. ನನ್ನ ಕಡೆ ನೋಡಿದಳು. ನಾನು ತಟ್ಟೆಯಲ್ಲಿದ್ದ ಒಬ್ಬಟ್ಟು ಮುರಿಯುತ್ತ ಕೂತೆ.

"ಊಂ ಕಣ್ರೀ, ನಾನೇ ನೋಡದಂಗೆ ಎಲ್ಲೋ ಮಡಗ್ಬುಟ್ಟಿದ್ದೆ" ಎಂದು ಅವಳು ಕೂಸನ್ನು ಎತ್ತಿಕೊಂಡಳು.

ನನ್ನದೊಂದು ಮಾತು ಸಾಕಿತ್ತು. ಒಬ್ಬಟ್ಟು ತಿಂದು ಮುಗಿಸಿದೆ.

ಹೊರಡುವಾಗ ಅಕ್ಕ ಬೊಂತೆ ಮಡಿಸಿ ತಂದು ನನ್ನ ಬೈಕಿನ ಮೇಲಿಟ್ಟಳು.

"ತಗೊಂಡೋಗು. ಸೊಪ್ಪಿಗೆ ಬೇಕಾಯ್ತದೆ."

ಅಲ್ಲಿಂದೀಚೆಗೆ ಅವರೆ ಎರಡು ಸಲ ಬಂದು ಹೋಯಿತು. ಅಕ್ಕ ಬರಲಿಲ್ಲ. ಈ ಸಲ ಫೋನ್ ಮಾಡಿ, ಕಾಯಿ ಚೆನ್ನಾಗಿ ಬಲಿತಿದೆ ಬಾರಕ್ಕ ಎಂದೆ. "ಇಲ್ಲೂ ಸಿಕ್ತದೆ" ಎಂದಳು. ಬೊಂತೆಯ ವಿಷಯ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಫೋನ್ ಇಟ್ಟಳು.

ಚಳಿಗೆ ಈಗ ಅದನ್ನೇ ಹೊದೆಯುತ್ತೇನೆ. ಒಮ್ಮೊಮ್ಮೆ ಮುಖಕ್ಕೆ ಒತ್ತಿ ಹಿಡಿದು ಉಸಿರೆಳೆಯುತ್ತೇನೆ. ಅವ್ವನ ವಾಸನೆಯೂ ಇಲ್ಲ, ಸೊಪ್ಪಿನದೂ ಇಲ್ಲ. ನನ್ನ ಮೂಗಿಗೆ ಏನೂ ತಿಳಿಯುವುದಿಲ್ಲ.