ರಸಮೇವಿಗೆ ಒಂದು ಪೆಂಟೆ ಬೆಲ್ಲ

ನಮ್ಮ ಮನೆಯಲ್ಲಿ ಬೆಲ್ಲವನ್ನು ಅಳೆದು ಹಾಕುವ ರೂಢಿಯಿಲ್ಲ. ಅಂಕಲಿಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಕಬ್ಬಿನ ಹೊಲ. ಗಾಣ ನಡೆದಾಗ ವರ್ಷಕ್ಕಾಗುವಷ್ಟು ಬೆಲ್ಲದ ಪೆಂಟೆಗಳು, ಅಂದರೆ ಎರಡು ಕೈಯಲ್ಲಿ ಎತ್ತಬೇಕಾದ ದೊಡ್ಡ ಅಚ್ಚುಗಳು, ಅರಿವೆ ಸುತ್ತಿಕೊಂಡು ಅಟ್ಟ ಸೇರುತ್ತವೆ. ಬಂದವರಿಗೆ ಮೊದಲು ನೀರು, ಜೊತೆಗೆ ಬೆಲ್ಲ. ಚೂರು ಕೊಟ್ಟರೆ ಮರ್ಯಾದೆ ಹೋದ ಹಾಗೆ, ಮುಷ್ಟಿ ತುಂಬ ಕೊಡಬೇಕು. ಇದು ನಮ್ಮ ಅತ್ತೆಯ ಕಾಯಿದೆ. ಈ ಕಾಯಿದೆಯೇ ಒಂದು ಬೇಸಿಗೆ ನನ್ನ ಹೊಲವನ್ನು ನುಂಗುವುದರಲ್ಲಿತ್ತು.

ನನ್ನ ಹೊಲ ಎಂದರೆ ಬಾವಿಯ ಪಕ್ಕದ ಒಂದು ತುಂಡು. ಸಕ್ಕರೆ ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ಎಮ್ಮೆಗಳಿಗೆ ಕಬ್ಬಿನ ತುದಿಗರಿ, ನಾವು ವಾಡೆ ಅನ್ನುವುದು, ಬೇಕಾದಷ್ಟು. ಕಾರ್ಖಾನೆ ನಿಂತಿತೋ, ವಾಡೆಯೂ ಇಲ್ಲ, ಹಾಲೂ ಇಲ್ಲ. ಆ ತುಂಡಿನಲ್ಲಿ ಗೋವಿನಜೋಳ, ಸಾಲಿನ ನಡುವೆ ಅಲಸಂದೆ ಬಿತ್ತಿ, ತೆನೆಯ ಹಾಲು ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ಬೇಸಿಗೆಗೆ ರಸಮೇವು ಸಿಗುತ್ತದೆ ಎಂದು ನಾನು ರಾಯಬಾಗದ ತರಬೇತಿಯೊಂದರಲ್ಲಿ ಕೇಳಿ ಬಂದಿದ್ದೆ. ಅಂದಿನಿಂದ ನನಗೆ ಅದೇ ಹುಚ್ಚು. ಒಲೆಯ ಮೇಲೆ ಸಾರು ಸೀಯುತ್ತಿದ್ದರೆ ನಾನು ಹಿತ್ತಲಲ್ಲಿ ಗುಂಡಿಗೆ ಜಾಗ ನೋಡುತ್ತಿದ್ದೆ.

ಅತ್ತೆ ಷರತ್ತು ಹಾಕಿದರು. "ಒಂದ ಸಲ ಮಾಡಿ ನೋಡ. ನನ್ನ ದೊಡ್ಡೆಮ್ಮಿ ಬಾಯಿ ಹಚ್ಚಿದ್ರ ಆ ತುಂಡ ನಿನಗ. ಮೂಗ ತಿರವಿತಂದ್ರ ಮುಂದಿನ ಹಂಗಾಮಿಗೆ ಅಲ್ಲಿ ಕಬ್ಬ ಹಚ್ಚೂದ. ಆಮ್ಯಾಲ ಮಾತಿಲ್ಲ."

ದೊಡ್ಡೆಮ್ಮೆಯ ನಖರಾ ಊರಿಗೇ ಗೊತ್ತು. ನೆನೆದ ಮೇವು ಮುಟ್ಟುವುದಿಲ್ಲ, ನಿನ್ನೆಯ ಹುಲ್ಲು ಮುಟ್ಟುವುದಿಲ್ಲ, ಅತ್ತೆಯ ಹೊರತು ಬೇರೆಯವರ ಕೈಗೆ ಹಾಲು ಬಿಡುವುದಿಲ್ಲ. ಅಂಥದ್ದರ ಮೂಗಿಗೆ ನನ್ನ ಹೊಲ ಜೋತುಬಿತ್ತು. ಆದರೂ ನನಗೆ ಖುಷಿಯೋ ಖುಷಿ.

ಬೆಳೆ ಕೊಯ್ಲಿಗೆ ಬಂತು. ಗುಂಡಿಯನ್ನು ಗೋದಲಿಯ ಹತ್ತಿರವೇ ತೋಡಬೇಕೆಂದು ಹಟ ಹಿಡಿದವಳು ನಾನೇ. ಹುಣಸೆಮರಕ್ಕೂ ಕೊಟ್ಟಿಗೆಯ ಗೋಡೆಗೂ ನಡುವೆ ಟ್ರ್ಯಾಕ್ಟರ್ ಬರುವಷ್ಟು ಜಾಗವಿಲ್ಲ ಎಂಬುದು ಆಮೇಲೆ ಹೊಳೆಯಿತು. ಸರಿ, ಕಾಲಿನಿಂದಲೇ ತುಳಿಯಬೇಕು. ನನ್ನ ಗಂಡ ಮೊಬೈಲಿನಲ್ಲಿ ಲೇಜಿಮ್ ತಾಳ ಹಚ್ಚಿ ಗುಂಡಿಗೆ ಹಾರಿದರು. ನಾನೂ ಹಾರಿದೆ. ಹಸಿ ಮೇವು ಕಾಲಡಿ ಜಾರುತ್ತದೆ, ಬಿದ್ದರೂ ನೋವಾಗುವುದಿಲ್ಲ. ಒಬ್ಬರನ್ನೊಬ್ಬರು ಎಬ್ಬಿಸಲು ಹೋಗಿ ಇಬ್ಬರೂ ಬೀಳುತ್ತಿದ್ದೆವು. ಮೇಲೆ ನಿಂತಿದ್ದ ಅತ್ತೆ, "ಹಿಂಗ ತುಳದ್ರ ಗಾಳಿ ಹೋಗ್ತೈತೇನ? ಸರೀರಿ ಅತ್ಲಾಗ," ಎಂದು ಕಚ್ಚೆ ಬಿಗಿದು ಇಳಿದೇಬಿಟ್ಟರು. ವಿಠಲನ ಭಜನೆ ಮಾಡುತ್ತ ಪಂಢರಪುರದ ದಿಂಡಿಯಲ್ಲಿ ನಡೆದ ಕಾಲುಗಳು ಅವು. ನಾವಿಬ್ಬರೂ ದಣಿದು ಕೂತರೂ ಅವರು ತಾಳ ತಪ್ಪದೆ ತುಳಿಯುತ್ತಲೇ ಇದ್ದರು, ಹೆಂಡ ಮಾಂಸ ಮುಟ್ಟೆನೆಂದು ಹಾಕಿಕೊಂಡ ತುಳಸಿಮಾಲೆ ಕೊರಳಲ್ಲಿ ಕುಣಿಯುತ್ತಿತ್ತು.

ಪದರ ಪದರಕ್ಕೂ ಸ್ವಲ್ಪ ಬೆಲ್ಲದ ನೀರು ಚಿಮುಕಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ಬಟ್ಟಲಲ್ಲಿ ಬೆಲ್ಲ ತಂದಿಟ್ಟಿದ್ದೆ. ಅತ್ತೆ ಬಟ್ಟಲನ್ನೂ ನೋಡಿದರು, ನನ್ನನ್ನೂ ನೋಡಿದರು. "ಇಷ್ಟ? ಬೀಗರ ಮುಂದ ಇಷ್ಟ ಇಟ್ರ ಎದ್ದ ಹೋಗ್ತಾರ." ನಾನು ಕಡೆಯ ಹೊರೆ ತರಲು ಹೋಗಿ ಬರುವಷ್ಟರಲ್ಲಿ ಒಂದಿಡೀ ಪೆಂಟೆ ಕೊಡದಲ್ಲಿ ಕರಗಿ ಗುಂಡಿ ಸೇರಿತ್ತು. ಸುತ್ತಿದ್ದ ಅರಿವೆಯಷ್ಟೇ ಉಳಿದಿತ್ತು. ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣೆಳೆದು ಮುಚ್ಚಿದೆವು.

ಬಿಸಿಲು ಏರಿದ ಹಾಗೆ ಹಾಳೆಯ ಅಂಚಿನಿಂದ ವಾಸನೆ ಹೊರಟಿತು. ರಸಮೇವು ಹುಳಿಹುಳಿಯಾಗಿ ನಾರಬೇಕು, ಅದು ಸರಿಯೇ. ಇದು ಅಪ್ಪಟ ಹೆಂಡ. ಅಷ್ಟು ಬೆಲ್ಲ ಹಾಕಿದರೆ ಇನ್ನೇನಾದೀತು? ಬಾಜೂ ಹೊಲದ ಕಾಕಾ ಬೈಕು ನಿಲ್ಲಿಸಿ ಮೂಗೆತ್ತಿ, ತಮ್ಮ ಮರಾಠಿ ಬೆರೆತ ಮಾತಿನಲ್ಲಿ ಅತ್ತೆಯನ್ನು ಕೇಳಿದರು. "ಕಾಯ್ ವೈನಿ, ಮಾಲಿ ಹಾಕಿದವ್ರ ಮನ್ಯಾಗ ಇದೇನ ಇಳಸಾಕತ್ತೀರಿ? ನಮಗೂ ಥೋಡೆ ಇಡ್ರಿ." ಅತ್ತೆಯ ಮುಖ ಮೆಣಸಿನಕಾಯಿಯಂತಾಯಿತು. ಕಾಕಾ ಹೋದೊಡನೆ, "ಎಲ್ಲಾ ತಗದ ತಿಪ್ಪಿಗೆ ಒಗೀರಿ," ಎಂದರು.

"ಷರತ್ತ ಎಮ್ಮೀದ ಐತ್ರಿ, ಕಾಕಾಂದಲ್ಲ," ಎಂದೆ. ನಗು ತಡೆಯುವುದೇ ಕಷ್ಟವಾಗಿತ್ತು. ಅತ್ತೆ ಮಾತಿಗೆ ತಪ್ಪುವವರಲ್ಲ, ಹಾಳೆಯ ಅಂಚಿಗೆ ಇನ್ನಷ್ಟು ಮಣ್ಣೆಳೆದರು.

ಮೇವು ಪಕ್ವವಾದ ಮೇಲೆ ಒಂದು ಮೂಲೆ ತೆರೆದೆವು. ಬೂಷ್ಟು ಎಲ್ಲೂ ಇರಲಿಲ್ಲ, ಬಣ್ಣ ಬಂಗಾರ. ಒಂದು ಬುಟ್ಟಿ ಮೇವನ್ನು ನೆರಳಲ್ಲಿ ಹರಡಿ, ವಾಸನೆ ಅರ್ಧ ಹಾರಿದ ಮೇಲೆ ದೊಡ್ಡೆಮ್ಮೆಯ ಮುಂದೆ ಇಟ್ಟೆ. ತಮಾಷೆ ನೋಡಲೆಂದೇ ಕಾಕಾ ಬಂದು ನಿಂತಿದ್ದರು. ಎಮ್ಮೆ ಮೂಸಿತು. ಉಸ್ಸೆಂದು ಊದಿತು. ಮುಖ ತಿರುಗಿಸಿತು.

ನನಗೆ ಬಾವಿಯ ಪಕ್ಕದ ತುಂಡಿನಲ್ಲಿ ಕಬ್ಬು ಆಗಲೇ ಆಳೆತ್ತರ ನಿಂತ ಹಾಗೆ ಕಂಡಿತು. "ಸಂಪ್ಲ, ಮುಗೀತ," ಎಂದರು ಕಾಕಾ.

ಅತ್ತೆ ಗೆದ್ದಿದ್ದರು, ಆದರೆ ಗೆದ್ದವರ ಮುಖ ಹಾಗಿರುವುದಿಲ್ಲ. ಬುಟ್ಟಿಗೆ ಕೈಹಾಕಿ ಒಂದು ಹಿಡಿ ತೆಗೆದು ಎಮ್ಮೆಯ ಬಾಯಿಗೆ ಹಿಡಿದರು. ಕೊರಳು ಸವರುತ್ತ, "ತಿನ್ನ ನನ್ನವ್ವ," ಎಂದರು. "ಮೊಣಕಾಲ ನೋಯೂತನಕ ನಾನ ತುಳದೇನಿ. ಬೆಲ್ಲಾನೂ ನಾನ ಹಾಕೇನಿ. ಮಂದಿ ಮುಂದ ನನ್ನ ಮಾನ ಕಳೀಬ್ಯಾಡ."

ಎಮ್ಮೆ ನಾಲಗೆ ಚಾಚಿತು. ಒಂದು ಹಿಡಿ ತಿಂದಿತು, ಇನ್ನೊಂದು ಹಿಡಿ ತಿಂದಿತು. ಆಮೇಲೆ ಅತ್ತೆಯ ಕೈಯನ್ನೇ ದೂಡಿ ಬುಟ್ಟಿಗೆ ಮುಖ ತೂರಿಸಿತು. ಬುಟ್ಟಿ ಉರುಳಿತು, ನೆಲಕ್ಕೆ ಬಿದ್ದದ್ದನ್ನೂ ಅದು ಬಿಡಲಿಲ್ಲ. ನಾನು ಗಂಡನ ಹೆಗಲಿಗೆ ಗುದ್ದಿದ್ದು ನೆನಪಿದೆ, ಯಾಕೆ ಗುದ್ದಿದೆನೋ ಗೊತ್ತಿಲ್ಲ. ಸಂತೋಷಕ್ಕೆ ಕೈ ಎಲ್ಲಾದರೂ ಬೀಳಬೇಕಿತ್ತು.

ಕಾಕಾ ಗಂಟಲು ಸರಿಮಾಡಿಕೊಂಡು ನಮ್ಮ ಅತ್ತೆಯ ಕಡೆ ತಿರುಗಿದರು. "ವೈನಿ, ನಮ್ಮ ಎಮ್ಮೀಗೂ ಒಂದ ಬುಟ್ಟಿ ಕೊಡ್ತೀರೇನ್ರಿ?"

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದರು. "ನನ್ನ ಯಾಕ ಕೇಳ್ತೀರಿ? ಸೊಸೀನ ಕೇಳ್ರಿ. ಹೊಲ ಆಕೀದ."

ಅವರು ನನ್ನನ್ನು ಕೇಳುವ ಮೊದಲೇ ನಾನು ಎರಡು ಬುಟ್ಟಿ ತುಂಬಿ ಕೊಟ್ಟೆ.